‘ಪುಟ್’ ಒಂದೇ, ಅರ್ಥ ಹಲವು: ಫ್ರೇಸಲ್ ವರ್ಬ್ ಪಾಠವನ್ನು ಎಲ್ಲಿಂದ ಆರಂಭಿಸಬೇಕು?

ಅಭ್ಯಾಸ ಬೋಧನೆಯ ಅವಧಿಯಲ್ಲಿ ಒಂಬತ್ತನೇ ತರಗತಿಯ ಇಂಗ್ಲಿಷ್ ಪಾಠವೊಂದನ್ನು ವೀಕ್ಷಿಸಲು ಹೋಗಿದ್ದೆ. ಪ್ರಶಿಕ್ಷಣಾರ್ಥಿ ಚೆನ್ನಾಗಿ ಸಿದ್ಧತೆ ಮಾಡಿಕೊಂಡು ಬಂದಿದ್ದರು. ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ‘ಪುಟ್’ ಕ್ರಿಯಾಪದದಿಂದ ಹುಟ್ಟಿದ ಹದಿನಾಲ್ಕು ಫ್ರೇಸಲ್ ವರ್ಬ್‌ಗಳನ್ನೂ ಬಲಕ್ಕೆ ಅವುಗಳ ಕನ್ನಡ ಅರ್ಥವನ್ನೂ ಅಂದವಾಗಿ ಬರೆದರು. ಮಕ್ಕಳು ಬರೆದುಕೊಂಡರು, ಒಕ್ಕೊರಲಿನಿಂದ ಓದಿದರು. ವೀಕ್ಷಣಾ ಪಟ್ಟಿಯಲ್ಲಿ ಕಪ್ಪುಹಲಗೆಯ ಬಳಕೆಗೆ ನಾನು ಪೂರ್ಣ ಅಂಕ ಕೊಟ್ಟೆ. ಮರುದಿನ ಅದೇ ತರಗತಿಯಲ್ಲಿ ‘ಹಿ ಪುಟ್ ಆಫ್ ದ ಮೀಟಿಂಗ್’ ಎಂಬ ವಾಕ್ಯವನ್ನು ಕೊಟ್ಟು ಅರ್ಥ ಬರೆಯಲು ಹೇಳಿದಾಗ ಒಬ್ಬ ಹುಡುಗಿ ಬರೆದದ್ದು ಇದು: ‘ಅವನು ಸಭೆಯನ್ನು ಆರಿಸಿದನು.’

ತರಗತಿ ನಕ್ಕಿತು. ಹುಡುಗಿ ತಲೆ ತಗ್ಗಿಸಿದಳು. ಆದರೆ ಆ ಉತ್ತರದಲ್ಲಿ ತಪ್ಪು ಹುಡುಗಿಯದಲ್ಲ. ಪಟ್ಟಿಯಲ್ಲಿ ‘ಪುಟ್ ಆಫ್’ ಎಂಬುದರ ಕೆಳಗೇ ‘ಪುಟ್ ಔಟ್’ ಇತ್ತು. ಮನೆಯಲ್ಲಿ ‘ಲೈಟ್ ಆಫ್ ಮಾಡು’ ಎಂಬ ಮಾತನ್ನು ಅವಳು ದಿನವೂ ಕೇಳುತ್ತಾಳೆ. ಒಂದೇ ಮುಖದ ಹದಿನಾಲ್ಕು ಮಂದಿಯನ್ನು ಒಂದೇ ದಿನ ಪರಿಚಯಿಸಿ ಮರುದಿನ ಹೆಸರು ಕೇಳಿದರೆ ಯಾರಿಗಾದರೂ ಗೊಂದಲವಾಗುತ್ತದೆ. ಪಾಠದ ನಂತರ ಪ್ರಶಿಕ್ಷಣಾರ್ಥಿ ಬೇಸರದಿಂದ, “ಮೇಡಂ, ನಿನ್ನೆ ಎಲ್ಲವನ್ನೂ ಹೇಳಿದ್ರು, ಇವತ್ತು ಒಂದೂ ಉಳಿದಿಲ್ಲ. ಎಲ್ಲಿ ತಪ್ಪಿದೆ?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಪ್ರಯತ್ನವೇ ಈ ಲೇಖನ.

ಇದು ಅಂಕದ ಪ್ರಶ್ನೆ ಮಾತ್ರವಲ್ಲ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನರ್ಸಿಂಗ್ ತರಬೇತಿಗೆ ಸೇರಿದ್ದಳು. ವಾರ್ಡಿನ ಹಿರಿಯ ಸಿಸ್ಟರ್ ಒಂದು ಸಂಜೆ ಅವಳಿಗೆ, ಇಂಥ ಹಾಸಿಗೆಯ ರೋಗಿಯ ಆಪರೇಷನ್ ‘ಪುಟ್ ಆಫ್’ ಆಗಿದೆ, ಮನೆಯವರಿಗೆ ತಿಳಿಸು ಎಂದರಂತೆ. ‘ಆಫ್’ ಎಂದೊಡನೆ ಇವಳಿಗೆ ಹೊಳೆದದ್ದು ಸ್ವಿಚ್ಚು. ಆಫ್ ಆಯಿತು ಎಂದರೆ ಮುಗಿಯಿತು, ಇಲ್ಲ. ಹಾಗೆಂದೇ ಆಪರೇಷನ್ ರದ್ದಾಗಿದೆ ಎಂದು ತಿಳಿಸಿದಳು. ಮನೆಯವರು ಗಂಟುಮೂಟೆ ಕಟ್ಟಿಕೊಂಡು ರೋಗಿಯನ್ನು ನಡೆಸಿಕೊಂಡು ಹೊರಟೇಬಿಟ್ಟರು. ಸಿಸ್ಟರ್‌ಗೆ ವಿಷಯ ಗೊತ್ತಾಗಿ, ಇವಳು ಗೇಟಿನವರೆಗೆ ಓಡಿ ಅವರನ್ನು ಕರೆತರಬೇಕಾಯಿತು. ಆಪರೇಷನ್ ಮರುದಿನ ಬೆಳಗ್ಗೆಗೆ ಹೋಗಿತ್ತು, ಅಷ್ಟೆ. “ಮೇಡಂ, ‘ಪೋಸ್ಟ್‌ಪೋನ್’ ಅಂದಿದ್ದರೆ ನನಗೆ ಅರ್ಥವಾಗುತ್ತಿತ್ತು” ಎಂದು ಅವಳು ನನ್ನೊಡನೆ ಹೇಳಿಕೊಂಡಳು.

ಆ ಮಾತು ಮುಖ್ಯ. ನಮ್ಮ ಮಕ್ಕಳು ಪುಸ್ತಕದಲ್ಲಿ ಕಲಿಯುವ ಇಂಗ್ಲಿಷಿನಲ್ಲಿ ‘ಪೋಸ್ಟ್‌ಪೋನ್’, ‘ಎಕ್ಸ್‌ಟಿಂಗ್ವಿಷ್’, ‘ಟಾಲರೇಟ್’ ಇರುತ್ತವೆ. ಕೆಲಸದ ಜಾಗದಲ್ಲಿ ಕಿವಿಗೆ ಬೀಳುವ ಇಂಗ್ಲಿಷಿನಲ್ಲಿ ‘ಪುಟ್ ಆಫ್’, ‘ಪುಟ್ ಔಟ್’, ‘ಪುಟ್ ಅಪ್ ವಿತ್’ ಇರುತ್ತವೆ. ಉದ್ದದ ಪದ ಕಷ್ಟ, ಚಿಕ್ಕ ಪದ ಸುಲಭ ಎಂದು ನಾವು ಭಾವಿಸುತ್ತೇವೆ. ಇಲ್ಲಿ ಮಾತ್ರ ಅದು ತಿರುವುಮುರುವು. ‘ಪುಟ್’ ಗೊತ್ತು, ‘ಆಫ್’ ಗೊತ್ತು, ಎರಡೂ ಸೇರಿದಾಗ ಗೊತ್ತಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಾಗುವುದಿಲ್ಲ, ಏಕೆಂದರೆ ಎರಡೂ ಪರಿಚಿತ ಪದಗಳೇ. ಅಪಾಯವಿರುವುದು ಅಲ್ಲಿ.

ಈ ತೊಡಕು ಹೊಸದಲ್ಲ. 1755ರಲ್ಲಿ ತಮ್ಮ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಕ್ರಿಯಾಪದದ ಮುಂದೆ ಸಣ್ಣ ಪದವೊಂದನ್ನು ಸೇರಿಸಿ ಅರ್ಥ ಬದಲಿಸುವ ಈ ಪದ್ಧತಿಯೇ ಪರಭಾಷಿಕರಿಗೆ ಅತಿ ಹೆಚ್ಚು ಕಷ್ಟ ಕೊಡುವಂಥದ್ದು ಎಂದು ಮುನ್ನುಡಿಯಲ್ಲೇ ಹೇಳಿದ್ದರು. ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ. 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ತಮ್ಮ ಪುಸ್ತಕದಲ್ಲಿ ಅದನ್ನು ಬಳಸಿ ಪ್ರಚಾರಕ್ಕೆ ತಂದರು. 1985ರಲ್ಲಿ ಡಗಟ್ ಮತ್ತು ಲಾಫರ್ ಎಂಬ ಸಂಶೋಧಕರು ಹೀಬ್ರೂ ಮಾತೃಭಾಷೆಯ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ, ಅವರು ಫ್ರೇಸಲ್ ವರ್ಬ್‌ಗಳನ್ನು ಸಾಧ್ಯವಾದಷ್ಟೂ ತಪ್ಪಿಸಿ ಒಂಟಿ ಕ್ರಿಯಾಪದವನ್ನೇ ಆರಿಸಿಕೊಳ್ಳುತ್ತಾರೆಂದು ತೋರಿಸಿದರು. ತಮ್ಮ ಭಾಷೆಯಲ್ಲಿ ಈ ಬಗೆಯ ರಚನೆ ಇಲ್ಲದಿರುವುದು ಅದಕ್ಕೆ ಕಾರಣವೆಂದು ಅವರು ವಾದಿಸಿದರು.

ಹಾಗಾದರೆ ಕನ್ನಡದಲ್ಲಿ? ರಚನೆ ಅದೇ ಅಲ್ಲ. ಆದರೆ ಅದರ ಹಿಂದಿನ ತತ್ವ ನಮ್ಮ ಮಕ್ಕಳ ನಾಲಿಗೆಯ ಮೇಲೆಯೇ ಇದೆ.

ಮಗುವಿನ ಪೂರ್ವಜ್ಞಾನ: ‘ಹಾಕು’

ಪಾಠ ಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಕಾಲಮಿನಲ್ಲಿ ‘ವಿದ್ಯಾರ್ಥಿಗಳಿಗೆ ಕ್ರಿಯಾಪದದ ಪರಿಚಯವಿದೆ’ ಎಂದು ಬರೆದು ಮುಂದೆ ಹೋಗುವುದು ವಾಡಿಕೆ. ಈ ಪಾಠಕ್ಕೆ ಬೇಕಾದ ನಿಜವಾದ ಪೂರ್ವಜ್ಞಾನ ‘ಹಾಕು’ ಎಂಬ ಕನ್ನಡ ಕ್ರಿಯಾಪದ.

ಬೀಗ ಹಾಕು, ಸಹಿ ಹಾಕು, ರಂಗೋಲಿ ಹಾಕು, ಗೊಬ್ಬರ ಹಾಕು, ಲೆಕ್ಕ ಹಾಕು, ವೇಷ ಹಾಕು, ಹೊಂಚು ಹಾಕು. ದೀಪ ಹಾಕು ಎಂದರೆ ಬೆಳಕು ಬರಬೇಕು. ಬಾಗಿಲು ಹಾಕು ಎಂದರೆ ಮುಚ್ಚಬೇಕು. ಒಂದರಲ್ಲಿ ಶುರು, ಇನ್ನೊಂದರಲ್ಲಿ ಬಂದ್. ‘ಹಾಕು’ ಒಂದೇ. ಯಾವ ಮಗುವೂ ಇದರಲ್ಲಿ ಗೊಂದಲಗೊಳ್ಳುವುದಿಲ್ಲ, ಯಾವ ಮಗುವೂ ಇದನ್ನು ಪಟ್ಟಿಯಿಂದ ಕಲಿತಿಲ್ಲ.

ಇದಕ್ಕಿಂತ ಒಳ್ಳೆಯ ಉದಾಹರಣೆ ಟೋಪಿಯದು. ‘ಅವನು ಟೋಪಿ ಹಾಕಿಕೊಂಡ’ ಎಂದರೆ ತಲೆಯ ಮೇಲೆ ಟೋಪಿ. ‘ಅವನು ನನಗೆ ಟೋಪಿ ಹಾಕಿದ’ ಎಂದರೆ ಮೋಸ. ‘ಕೊಳ್ಳು’ ಎಂಬುದು ಸೇರಿತೋ ಇಲ್ಲವೋ ಎಂಬುದು ಇಲ್ಲಿ ಅರ್ಥವನ್ನು ತಿರುಗಿಸುವುದರಲ್ಲಿ ಪಾಲು ಪಡೆದಿದೆ. ಹಾಗೆಯೇ ಮುಂದಿಡು, ಎತ್ತಿಡು, ತೆಗೆದಿಡು, ಬಚ್ಚಿಡು ಇವೆಲ್ಲದರಲ್ಲೂ ‘ಇಡು’ ಇದೆ, ಅರ್ಥ ಬೇರೆ ಬೇರೆ. ಮಳೆ ‘ಕೈಕೊಟ್ಟಿತು’ ಎಂದಾಗ ಅಲ್ಲಿ ಕೈಯೂ ಇಲ್ಲ, ಕೊಡುವುದೂ ಇಲ್ಲ.

ಪ್ರೌಢಶಾಲೆಯ ಮಕ್ಕಳಿಗೆ ಇನ್ನೊಂದು ಸೇತುವೆಯೂ ಲಭ್ಯವಿದೆ. ಕನ್ನಡ ವ್ಯಾಕರಣದ ಪಾಠದಲ್ಲಿ ಅವರು ಸಂಸ್ಕೃತದ ಉಪಸರ್ಗಗಳನ್ನು ಕಂಡಿರುತ್ತಾರೆ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ: ಎಲ್ಲವೂ ‘ಹೃ’ ಎಂಬ ಒಂದೇ ಧಾತುವಿನಿಂದ ಬಂದವು. ಮುಂದೆ ಕೂತ ಸಣ್ಣ ತುಂಡು ಊಟವನ್ನು ಕೊಲೆಯಾಗಿಸುತ್ತದೆ, ಕೊಲೆಯನ್ನು ಪರಿಹಾರವಾಗಿಸುತ್ತದೆ. ಇಂಗ್ಲಿಷಿನಲ್ಲಿ ಆ ತುಂಡು ಮುಂದೆ ಅಂಟಿಕೊಳ್ಳುವ ಬದಲು ಹಿಂದೆ ಬಿಡಿಯಾಗಿ ನಿಲ್ಲುತ್ತದೆ. ಈ ಒಂದು ವ್ಯತ್ಯಾಸವನ್ನು ಹೇಳಿದರೆ ಸಾಕು, ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಥಟ್ಟನೆ ಹಿಡಿಯುತ್ತಾರೆ.

ಜೊತೆಗೆ ನಿಂತ ಕಿರುಪದ ಹೇಳುವುದೇನು?

ಪಟ್ಟಿಯ ಮೂಲಕ ಕಲಿಸುವಾಗ ನಾವು ‘ಆಫ್’, ‘ಔಟ್’, ‘ಅಪ್’ ಇವುಗಳನ್ನು ಅರ್ಥವಿಲ್ಲದ ಬಾಲಗಳೆಂಬಂತೆ ನೋಡುತ್ತೇವೆ. ಅವುಗಳಿಗೆ ಅರ್ಥವಿದೆ. ಆ ಅರ್ಥ ದಿಕ್ಕಿನಿಂದ ಆರಂಭವಾಗಿ ಮೆಲ್ಲಗೆ ಬೇರೆಡೆಗೆ ಹರಿಯುತ್ತದೆ. 1980ರಲ್ಲಿ ಲೇಕಾಫ್ ಮತ್ತು ಜಾನ್ಸನ್ ಬರೆದ ‘ಮೆಟಫರ್ಸ್ ವಿ ಲಿವ್ ಬೈ’ ಪುಸ್ತಕದ ನಂತರ ಭಾಷಾಬೋಧನೆಯಲ್ಲಿ ಈ ನೋಟಕ್ಕೆ ಬಲ ಬಂದಿತು. ‘ಪುಟ್’ ಜೊತೆಗೆ ಇದನ್ನು ನೋಡೋಣ.

‘ಆನ್’ ಎಂದರೆ ಮೇಲೆ ತಗಲಿಕೊಂಡಿರುವುದು. ಅಂಗಿ, ಟೋಪಿ, ಕನ್ನಡಕ ಮೈಮೇಲೆ ತಗಲುತ್ತವೆ, ಆದ್ದರಿಂದ ‘ಪುಟ್ ಆನ್’. ಮೈಮೇಲೆ ತೂಕ ಬಂದು ಕೂತರೂ ‘ಪುಟ್ ಆನ್ ವೇಟ್’. ಇಲ್ಲದ ಭಾವವನ್ನು ಮುಖದ ಮೇಲೆ ತಂದುಕೊಂಡರೂ ‘ಪುಟ್ ಆನ್’. ನಮ್ಮ ‘ವೇಷ ಹಾಕು’ ಕೂಡ ಇದೇ ದಾರಿಯಲ್ಲಿ ಹೋಗಿದೆ.

‘ಔಟ್’ ಎಂದರೆ ಹೊರಗೆ. ಹೊರಗೆ ಹೋದದ್ದು ಕಣ್ಣಿಗೆ ಕಾಣುವುದಿಲ್ಲ, ಅಂದರೆ ಇಲ್ಲವಾಗುತ್ತದೆ. ಬೆಂಕಿ, ದೀಪ ಆರಿಸುವುದಕ್ಕೆ ‘ಪುಟ್ ಔಟ್’. ನಾವೂ ‘ಕರೆಂಟ್ ಹೋಯ್ತು’ ಎನ್ನುತ್ತೇವಲ್ಲ!

‘ಅವೇ’ ಎಂದರೆ ಇದ್ದ ಜಾಗದಿಂದ ದೂರ. ಆಟ ಮುಗಿದ ಮೇಲೆ ಸಾಮಾನನ್ನು ಅದರ ಜಾಗದಲ್ಲಿ ಎತ್ತಿಡುವುದು ‘ಪುಟ್ ಅವೇ’.

‘ಅಪ್’ ಎಂದರೆ ಮೇಲಕ್ಕೆ. ಕೈ ಎತ್ತುವುದು, ಗೋಡೆಗೆ ಚಾರ್ಟ್ ಹಾಕುವುದು, ಡೇರೆ ಎಬ್ಬಿಸುವುದು ಎಲ್ಲವೂ ‘ಪುಟ್ ಅಪ್’.

‘ಡೌನ್’ ಎಂದರೆ ಕೆಳಕ್ಕೆ. ಚೀಲ ಕೆಳಗಿಡುವುದು, ಕಾಗದದ ಮೇಲೆ ಹೆಸರು ಬರೆದಿಡುವುದು, ತಲೆ ಎತ್ತಿದ ದಂಗೆಯನ್ನು ಅಡಗಿಸುವುದು.

‘ಆಫ್’ ಎಂದರೆ ತಗಲಿದ್ದು ಕಳಚಿ ದೂರವಾಗುವುದು. ಸಭೆಯನ್ನು ಇಂದಿನಿಂದ ಕಳಚಿ ದೂರದ ದಿನಕ್ಕೆ ತಳ್ಳಿದರೆ ‘ಪುಟ್ ಆಫ್’. ಸಭೆ ಇದೆ, ದೂರ ಹೋಗಿದೆ. ನರ್ಸಿಂಗ್ ವಿದ್ಯಾರ್ಥಿನಿಗೆ ತಪ್ಪಿದ್ದು ಈ ಒಂದು ಎಳೆ.

ಹೀಗೆ ಎಲ್ಲವೂ ವಿವರಣೆಗೆ ಸಿಗುತ್ತವೆಯೇ? ಇಲ್ಲ. ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳುವುದು ಏಕೆ ಎಂದು ಮಗುವಿಗೆ ಮನದಟ್ಟಾಗುವಂತೆ ಹೇಳುವುದು ಕಷ್ಟ. ಅಂಥ ಕಡೆ ಬಲವಂತದ ವಿವರಣೆ ಕಟ್ಟಬಾರದು. ‘ಇದು ಹೀಗೆಯೇ, ಇಡಿಯಾಗಿ ನೆನಪಿಡೋಣ’ ಎಂದು ಪ್ರಾಮಾಣಿಕವಾಗಿ ಹೇಳಿ, ಎರಡು ಒಳ್ಳೆಯ ಸನ್ನಿವೇಶಗಳನ್ನು ಕೊಡುವುದೇ ಸರಿ.

ಕನ್ನಡದ ಮಗು ಎಡವುವ ನಾಲ್ಕು ಜಾಗಗಳು

ಕನ್ನಡವನ್ನು ಸೇತುವೆಯಾಗಿ ಬಳಸುವವರು ಆ ಸೇತುವೆ ಎಲ್ಲಿ ಮುರಿದಿದೆ ಎಂಬುದನ್ನೂ ತಿಳಿದಿರಬೇಕು.

ಮೊದಲನೆಯದು, ಕಿರುಪದವನ್ನು ಬಿಟ್ಟುಬಿಡುವುದು. ‘ಅಂಗಿ ಹಾಕಿಕೊ’ ಎಂಬುದು ‘ಪುಟ್ ಯುವರ್ ಶರ್ಟ್’ ಎಂದಾಗುತ್ತದೆ. ಕನ್ನಡದಲ್ಲಿ ‘ಹಾಕು’ ಕ್ರಿಯಾಪದವೇ ಕೆಲಸ ಮುಗಿಸುವುದರಿಂದ ಮಗುವಿಗೆ ಏನೂ ಕೊರತೆ ಕಾಣುವುದಿಲ್ಲ. ಇದರ ವಿರುದ್ಧ ತಪ್ಪು, ಕ್ರಿಯಾಪದವನ್ನೇ ಬಿಟ್ಟು ‘ಆಫ್ ದ ಲೈಟ್’ ಎನ್ನುವುದು. ‘ಲೈಟ್ ಆಫ್ ಮಾಡು’ ಎಂಬಲ್ಲಿ ‘ಆಫ್’ ಎಂಬುದೇ ಮುಖ್ಯ ಪದವಾಗಿ ಕೇಳುವುದರಿಂದ ಹೀಗಾಗುತ್ತದೆ.

ಎರಡನೆಯದು, ಕ್ರಿಯೆ ಮತ್ತು ಸ್ಥಿತಿಯ ಗೊಂದಲ. ‘ಅವಳು ಕನ್ನಡಕ ಹಾಕಿಕೊಂಡಿದ್ದಾಳೆ’ ಎಂಬುದನ್ನು ಮಗು ‘ಶಿ ಈಸ್ ಪುಟಿಂಗ್ ಆನ್ ಸ್ಪೆಕ್ಟಕಲ್ಸ್’ ಎನ್ನುತ್ತದೆ. ಹಾಗೆಂದರೆ ಈ ಕ್ಷಣ ಕನ್ನಡಕವನ್ನು ಮುಖಕ್ಕೆ ಏರಿಸುತ್ತಿದ್ದಾಳೆ ಎಂದರ್ಥ. ಹಾಕಿಕೊಂಡು ಇರುವುದಕ್ಕೆ ‘ವೇರ್’ ಬೇಕು.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ಪರೀಕ್ಷೆ ತಡವಾದರೆ ನಾವು ‘ಮುಂದಕ್ಕೆ ಹಾಕಿದರು’ ಎನ್ನುತ್ತೇವೆ. ಅದನ್ನು ಪದಕ್ಕೆ ಪದ ಇಟ್ಟರೆ ‘ಪುಟ್ ಫಾರ್ವರ್ಡ್’ ಆಗುತ್ತದೆ. ಇಂಗ್ಲಿಷಿನಲ್ಲಿ ದಿನಾಂಕವನ್ನು ‘ಪುಟ್ ಫಾರ್ವರ್ಡ್’ ಮಾಡಿದರೆ ಅದು ಮೊದಲಿಗಿಂತ ಬೇಗ ಬರುತ್ತದೆ! ಅರ್ಥ ಪೂರ್ತಿ ತಲೆಕೆಳಗು. ಆದರೆ ಸಲಹೆಯನ್ನು ‘ಮುಂದಿಡು’ ಎಂಬುದಕ್ಕೆ ಇದೇ ‘ಪುಟ್ ಫಾರ್ವರ್ಡ್’ ಸರಿಯಾಗಿ ಹೊಂದುತ್ತದೆ. ಒಂದು ಕಡೆ ಹೊಂದಿದ್ದು ಇನ್ನೊಂದು ಕಡೆ ಕೈಕೊಡಬಹುದು ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಉತ್ತಮ ಜೋಡಿ ಬೇಕಿಲ್ಲ.

ನಾಲ್ಕನೆಯದು, ಸರ್ವನಾಮದ ಸ್ಥಾನ. ‘ಪುಟ್ ಆನ್ ದ ಕ್ಯಾಪ್’, ‘ಪುಟ್ ದ ಕ್ಯಾಪ್ ಆನ್’ ಎರಡೂ ಸರಿ. ‘ಕ್ಯಾಪ್’ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆನ್’. ‘ಪುಟ್ ಆನ್ ಇಟ್’ ಎಂದರೆ ಅದರ ಮೇಲೆ ಇಡು ಎಂಬಂತೆ ಕೇಳುತ್ತದೆ. ಇದನ್ನು ನಿಯಮವಾಗಿ ಬರೆಸುವುದಕ್ಕಿಂತ ಕಿವಿಯ ಮೂಲಕ ಕಲಿಸುವುದು ಸುಲಭ, ಏಕೆಂದರೆ ಇಲ್ಲಿ ಒತ್ತು ಕಿರುಪದದ ಮೇಲೆ ಬೀಳುತ್ತದೆ. ಶಿಕ್ಷಕರು ‘ಪುಟ್ ಇಟ್’ ಎಂಬುದನ್ನು ಹಗುರವಾಗಿ ಹೇಳಿ ‘ಆನ್’ ಎಂಬುದನ್ನು ಎತ್ತಿ ಹೇಳಬೇಕು. ‘ಪುಟ್ ಅಪ್ ವಿತ್’ ಇದಕ್ಕೆ ಹೊರತು. ಅದರ ಮೂರೂ ಪದಗಳು ಒಟ್ಟಿಗೇ ಇರುತ್ತವೆ, ‘ಇಟ್’ ಕೊನೆಗೆ ಬರುತ್ತದೆ.

ನಲವತ್ತು ನಿಮಿಷದ ಒಂದು ಪಾಠ

ಆ ಪ್ರಶಿಕ್ಷಣಾರ್ಥಿಯೂ ನಾನೂ ಕೂತು ಪಾಠವನ್ನು ಮತ್ತೆ ಯೋಜಿಸಿದೆವು. ಹದಿನಾಲ್ಕರ ಜಾಗದಲ್ಲಿ ಐದನ್ನು ಮಾತ್ರ ಇಟ್ಟುಕೊಂಡೆವು.

ಮೊದಲ ಐದು ನಿಮಿಷ ‘ಹಾಕು’ ಆಟ. ಮಕ್ಕಳು ಸರದಿಯಂತೆ ಒಂದೊಂದು ‘ಹಾಕು’ ಹೇಳಬೇಕು, ಪುನರಾವರ್ತನೆ ಇಲ್ಲ. ಯಾರಾದರೂ ‘ಟೋಪಿ ಹಾಕು’ ಎಂದೇ ಎನ್ನುತ್ತಾರೆ, ತರಗತಿ ನಗುತ್ತದೆ. ಅಲ್ಲಿಯೇ ಪ್ರಶ್ನೆ: ‘ಟೋಪಿ ಹಾಕಿಕೊ ಅಂದರೆ?’ ಸಣ್ಣ ತುಂಡಿಗೂ ಬೆಲೆಯಿದೆ ಎಂಬುದು ಮಕ್ಕಳ ಬಾಯಿಂದಲೇ ಬರುತ್ತದೆ.

ಮುಂದಿನ ಹನ್ನೆರಡು ನಿಮಿಷ ಕ್ರಿಯೆ. ಬೇಕಾದ ಸಾಮಗ್ರಿ ಒಂದು ಟೋಪಿ, ಒಂದು ಚಾರ್ಟ್, ಕೆಲವು ಪುಸ್ತಕ, ಒಂದು ಮೇಣದಬತ್ತಿ. ‘ಪುಟ್ ಆನ್’, ‘ಪುಟ್ ಅಪ್’, ‘ಪುಟ್ ಅವೇ’, ‘ಪುಟ್ ಔಟ್’ ಇವನ್ನು ಶಿಕ್ಷಕರು ಹೇಳುತ್ತಾರೆ, ಮಗು ಮಾಡುತ್ತದೆ. ಮೇಣದಬತ್ತಿ ಶಿಕ್ಷಕರ ಮೇಜಿನ ಮೇಲೆಯೇ ಇರಲಿ. ಈ ಹಂತದಲ್ಲಿ ಕಪ್ಪುಹಲಗೆಯ ಮೇಲೆ ಏನೂ ಬರೆಯುವುದಿಲ್ಲ.

ನಂತರ ಎಂಟು ನಿಮಿಷ ‘ಇಟ್’ ಹಂತ. ‘ದ ಕ್ಯಾಪ್: ಪುಟ್ ಇಟ್ ಆನ್. ದ ಕ್ಯಾಂಡಲ್: ಪುಟ್ ಇಟ್ ಔಟ್.’ ಈಗ ಆಜ್ಞೆ ಕೊಡುವವರು ಮಕ್ಕಳು, ಪಾಲಿಸುವವರು ಶಿಕ್ಷಕರು. ಮಗು ‘ಪುಟ್ ಆನ್ ಇಟ್’ ಎಂದರೆ ಶಿಕ್ಷಕರು ಟೋಪಿಯನ್ನು ಹಿಡಿದುಕೊಂಡು ಯಾವುದರ ಮೇಲೆ ಇಡಬೇಕೆಂದು ಹುಡುಕುವವರಂತೆ ನಿಂತರೆ ಸಾಕು, ತಿದ್ದುವ ಅಗತ್ಯವಿಲ್ಲ.

ಹತ್ತು ನಿಮಿಷ ಒಂದು ಪುಟ್ಟ ಕಥೆ: ಶನಿವಾರದ ಕಬಡ್ಡಿ ಪಂದ್ಯ, ಮಳೆ, ಸೋಮವಾರಕ್ಕೆ ಹೋದ ಪಂದ್ಯ. ‘ಪುಟ್ ಆಫ್’ ಬರುವುದು ಇಲ್ಲಿ. ಕಣ್ಣಿಗೆ ಕಾಣುವ ನಾಲ್ಕನ್ನು ಕಂಡ ಮೇಲೆ ಕಣ್ಣಿಗೆ ಕಾಣದ ಒಂದನ್ನು ಕೊಡುತ್ತೇವೆ. ಹಲಗೆಯ ಮೇಲೆ ಒಂದು ಕಾಲರೇಖೆ ಎಳೆದು, ಪಂದ್ಯದ ಚೀಟಿಯನ್ನು ಶನಿವಾರದಿಂದ ಕಿತ್ತು ಸೋಮವಾರಕ್ಕೆ ಅಂಟಿಸಿದರೆ ‘ಆಫ್’ ಏನು ಮಾಡಿತೆಂದು ಮಗು ನೋಡುತ್ತದೆ. ಚೀಟಿ ಕೆಳಗೆ ಬೀಳಲಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿಸಬೇಕು.

ಕೊನೆಯ ಐದು ನಿಮಿಷ ಮೌಲ್ಯಮಾಪನ. ‘ಅರ್ಥ ಬರೆಯಿರಿ’ ಎಂಬ ಪ್ರಶ್ನೆ ಬೇಡ. ಸನ್ನಿವೇಶವನ್ನು ಕನ್ನಡದಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಏನು ಹೇಳುವಿರಿ ಎಂದು ಕೇಳಬೇಕು. ತಂಗಿ ಆಟದ ಸಾಮಾನನ್ನೆಲ್ಲ ಹರಡಿದ್ದಾಳೆ, ಅವಳಿಗೆ ಏನು ಹೇಳುವಿರಿ? ಬಿಸಿಲು ಜೋರಾಗಿದೆ, ತಮ್ಮ ಬರಿತಲೆಯಲ್ಲಿ ಹೊರಟಿದ್ದಾನೆ, ಅವನಿಗೆ ಏನು ಹೇಳುವಿರಿ?

ಮುಂದಿನ ವಾರ ಕಿರುಪದದ ಕಡೆಯಿಂದ

ಒಂದೇ ಕ್ರಿಯಾಪದದ ಗುಂಪು ನಿಘಂಟಿಗೆ ಅನುಕೂಲ, ನೆನಪಿಗೆ ಅಷ್ಟು ಅನುಕೂಲವಲ್ಲ. ಆದ್ದರಿಂದ ಮೊದಲ ಪಾಠ ‘ಪುಟ್’ ಕಡೆಯಿಂದ ನಡೆದರೆ, ಎರಡನೆಯದು ‘ಆಫ್’ ಕಡೆಯಿಂದ ನಡೆಯಲಿ. ‘ಟೇಕ್ ಆಫ್’: ಚಪ್ಪಲಿ ಕಾಲಿನಿಂದ ಕಳಚುತ್ತದೆ, ವಿಮಾನ ನೆಲದಿಂದ ಕಳಚುತ್ತದೆ. ‘ಸೀ ಆಫ್’: ದೂರ ಹೋಗುವವರನ್ನು ಬೀಳ್ಕೊಡುವುದು. ‘ಕಾಲ್ ಆಫ್’: ರದ್ದು ಮಾಡುವುದು. ಈಗ ಕಾಲರೇಖೆಯ ಮೇಲಿನ ಚೀಟಿಯನ್ನು ಕಿತ್ತು ಬುಟ್ಟಿಗೆ ಹಾಕಬೇಕು. ‘ಪುಟ್ ಆಫ್’ ಮತ್ತು ‘ಕಾಲ್ ಆಫ್’ ನಡುವಿನ ಅಂತರ ಒಂದು ಚೀಟಿಯಿಂದ ಸ್ಪಷ್ಟವಾಗುತ್ತದೆ.

ಎಷ್ಟು ಕಲಿಸಬೇಕು ಎಂಬುದಕ್ಕೂ ಒಂದು ಅಳತೆ ಇದೆ. 2007ರಲ್ಲಿ ಗಾರ್ಡ್‌ನರ್ ಮತ್ತು ಡೇವಿಸ್, ಹತ್ತು ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಪರಿಶೀಲಿಸಿ, ಕೇವಲ 20 ಕ್ರಿಯಾಪದಗಳು 8 ಕಿರುಪದಗಳೊಡನೆ ಸೇರಿ ಅಲ್ಲಿನ ಫ್ರೇಸಲ್ ವರ್ಬ್ ಬಳಕೆಯ ಅರ್ಧಕ್ಕಿಂತ ಹೆಚ್ಚನ್ನು ತುಂಬುತ್ತವೆ ಎಂದು ತೋರಿಸಿದರು. 2015ರಲ್ಲಿ ಗಾರ್ನಿಯರ್ ಮತ್ತು ಶ್ಮಿಟ್ ಬೋಧನೆಗೆಂದು ಸಿದ್ಧಪಡಿಸಿದ ಪಟ್ಟಿಯಲ್ಲಿ ಇರುವುದು 150 ಮಾತ್ರ. ಸಾವಿರಗಟ್ಟಲೆ ಫ್ರೇಸಲ್ ವರ್ಬ್‌ಗಳಿವೆ ಎಂದು ಮಕ್ಕಳನ್ನು ಹೆದರಿಸುವ ಕಾರಣವಿಲ್ಲ. ವಾರಕ್ಕೆ ಐದರಂತೆ ಹೋದರೆ ಪ್ರೌಢಶಾಲೆಯ ಮೂರು ವರ್ಷಗಳಲ್ಲಿ, ಪುನರಾವರ್ತನೆಗೆ ಬೇಕಾದಷ್ಟು ಸಮಯ ಬಿಟ್ಟೂ, ಇವನ್ನು ಮುಗಿಸಬಹುದು.

ಹೊಸ ಯೋಜನೆಯಂತೆ ಪಾಠ ನಡೆದ ದಿನ ಕಪ್ಪುಹಲಗೆಯ ಮೇಲೆ ಒಂದು ಕಾಲರೇಖೆ, ಐದು ವಾಕ್ಯ ಬಿಟ್ಟರೆ ಬೇರೇನೂ ಇರಲಿಲ್ಲ. ವೀಕ್ಷಣಾ ಪಟ್ಟಿಯ ಪ್ರಕಾರ ‘ವಿಷಯ ವ್ಯಾಪ್ತಿ’ಗೆ ಅಂಕ ಕಡಿಮೆ ಆಗಬೇಕಿತ್ತು. ನಾವು ವೀಕ್ಷಕರು ಇಲ್ಲಿ ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ಹದಿನಾಲ್ಕು ಬರೆಸಿದ ದಿನ ಪೂರ್ಣ ಅಂಕ ಕೊಟ್ಟವಳು ನಾನೇ. ಪ್ರಶಿಕ್ಷಣಾರ್ಥಿಗಳು ನಮ್ಮ ಪಟ್ಟಿಗೆ ತಕ್ಕಂತೆ ಪಾಠ ಮಾಡುತ್ತಾರೆ. ಹಲಗೆ ತುಂಬಿದ್ದಕ್ಕೆ ನಾವು ಅಂಕ ಕೊಡುವವರೆಗೂ ಅವರು ಹಲಗೆ ತುಂಬುತ್ತಲೇ ಇರುತ್ತಾರೆ.

ಒಂದು ವಾರದ ನಂತರ ಬೇರೆ ಕೆಲಸಕ್ಕೆಂದು ಅದೇ ಶಾಲೆಗೆ ಹೋಗಿದ್ದೆ. ‘ಸಭೆಯನ್ನು ಆರಿಸಿದ’ ಹುಡುಗಿ ವರಾಂಡದಲ್ಲಿ ಸಿಕ್ಕಳು. “ಮೇಡಂ, ನಮ್ಮ ಟೂರ್ ‘ಪುಟ್ ಆಫ್’ ಆಗಿದೆ” ಎಂದಳು. “ಹಾಗಾದರೆ ಹೋಗುವುದೇ ಇಲ್ವಾ?” ಎಂದು ಬೇಕೆಂದೇ ಕೇಳಿದೆ. “ಹೋಗ್ತೀವಿ ಮೇಡಂ, ಡಿಸೆಂಬರಿನಲ್ಲಿ. ‘ಕಾಲ್ ಆಫ್’ ಆಗಿಲ್ಲ” ಎಂದು ನಕ್ಕು ತರಗತಿಗೆ ಓಡಿದಳು.